ಬೆನ್ನ ಮೇಲಿನ ಒಣದ್ರಾಕ್ಷಿ

ಊರಿಂದ ಬಂದ ಒಣದ್ರಾಕ್ಷಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಹುಳಿಸಿಹಿ ವಾಸನೆಗೆ ಆಪಾ ನೆನಪಾದರು. ವಿಜಯಪುರದಲ್ಲಿ ನನಗೆ ಟೆನಿಸ್ ಕಲಿಸಿದವರು. ಆಪಾ ಅಂದರೆ ಅಕ್ಕ, ನಾವು ಮಕ್ಕಳೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು.

ಆಗ ತಿಕೋಟಾದಿಂದ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಸರ್ವ್ ಹೊಡೆದಾಗಲೆಲ್ಲ ಬೆನ್ನು ಚಳಕ್ ಅನ್ನುತ್ತಿತ್ತು. "ಇನ್ನೊಮ್ಮೆ ಬೆನ್ನು ಹಿಡೀತಂದ್ರ ಆಟ ಬಂದ್" ಅಂತ ಅವ್ವ ಖಡಕ್ಕಾಗಿ ಹೇಳಿದ್ದಳು. ಆಪಾ ನನ್ನ ರ‍್ಯಾಕೆಟ್ಟನ್ನೇ ಕಸಿದಿಟ್ಟುಕೊಂಡರು.

"ನಡಾ ಗಟ್ಟಿ ಆಗೂತನಕ ಚೆಂಡು ಮುಟ್ಟಬ್ಯಾಡ."

ಮೊಣಕೈ, ಕಾಲ್ಬೆರಳು ನೆಲಕ್ಕೂರಿ ಮೈ ನೆಟ್ಟಗೆ ಹಿಡಿಯಬೇಕು. ಸೊಂಟದ ಮೇಲೆ ಆಪಾ ಒಣದ್ರಾಕ್ಷಿಯ ತಟ್ಟೆ ಇಡುತ್ತಿದ್ದರು. ಉಳಿದದ್ದು ನನಗೆ, ಬಿದ್ದದ್ದು ಇರುವೆಗೆ. ಅವರು "ಸಾಕವ್ವಾ" ಅನ್ನುವವರೆಗೂ ಇಳಿಯುವಂತಿಲ್ಲ. ಉಳಿದವರೆಲ್ಲ ಬಲೆಯ ಆಚೀಚೆ ಆಡುವಾಗ ನಾನೊಬ್ಬಳೇ ಮೂಲೆಯಲ್ಲಿ ನೆಲ ನೋಡುತ್ತಿದ್ದೆ. ಅಳು ಬರುತ್ತಿತ್ತು...

ಒಮ್ಮೆ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನಿಂದ ಇನ್ನೂ ಸರಿಯಾಗಿ ಒಣಗದ, ಅಂಟಂಟಾದ ಹಣ್ಣು ಒಯ್ದಿದ್ದೆ. ನಾನು ಎಷ್ಟು ಅಲುಗಾಡಿದರೂ ಒಂದೂ ಬೀಳಲಿಲ್ಲ. ಆಪಾ ತಟ್ಟೆ ಬೋರಲು ಹಾಕಿದರು, ಆಗಲೂ ಬೀಳಲಿಲ್ಲ.

"ಇವು ನಿನಗಿಂತ ಗಟ್ಟಿ ಅದಾವ ನೋಡು" ಅಂತ ನಕ್ಕರು.

ತಿಂಗಳುಗಳು ಕಳೆದ ಮೇಲೆ ರ‍್ಯಾಕೆಟ್ ವಾಪಸ್ ಕೊಟ್ಟರು. ಸರ್ವ್ ಹೊಡೆದೆ. ನೋವಿರಲಿಲ್ಲ. ಖುಷಿಯಿಂದ ತಿರುಗಿದರೆ ಆಪಾ ತಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೆನ್ನು ಕೆಟ್ಟು ಅವರ ಆಟ ಸಣ್ಣ ವಯಸ್ಸಿಗೇ ನಿಂತಿತ್ತಂತೆ. ಅವತ್ತೇ ನನಗೆ ಗೊತ್ತಾದದ್ದು.

"ನಮಗ ಯಾರೂ ಇದನ್ನ ಮಾಡಸಲಿಲ್ಲವ್ವಾ. ಬರೇ ಆಡಸಿದ್ರು."

ನಾನು ಕಾಲೇಜು ಮುಗಿಯುವವರೆಗೂ ಆಡಿದೆ. ಆಪಾ ಹೋದ ವರ್ಷ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಈಗ ವಿಜಯಪುರದಲ್ಲೇ ಬಾಡಿಗೆ ಕೋಣೆಯಲ್ಲಿದ್ದೇನೆ. ಡಬ್ಬಿ ಬಂದ ದಿನ ಯಾಕೋ ಆಸೆಯಾಗಿ ತಟ್ಟೆಗೆ ಒಂದು ಹಿಡಿ ದ್ರಾಕ್ಷಿ ಹಾಕಿಕೊಂಡು ಚಾಪೆ ಹಾಸಿದೆ. ನೆಲಕ್ಕೆ ಮೊಣಕೈ ಊರಿದ ಮೇಲೆ ಹೊಳೆಯಿತು, ತಟ್ಟೆಯನ್ನು ಬೆನ್ನ ಮೇಲಿಡಲು ಇನ್ನೊಬ್ಬರು ಬೇಕು. ಆಪಾ ಇಲ್ಲ ಅನ್ನುವುದು ಸುದ್ದಿ ಕೇಳಿದ ದಿನಕ್ಕಿಂತ ಆಗ ಹೆಚ್ಚು ನೋಯಿಸಿತು.

ತಟ್ಟೆಯನ್ನು ಮುಖದ ಮುಂದೆಯೇ ಬಿಟ್ಟು ಮೈ ನೆಟ್ಟಗೆ ಹಿಡಿದೆ. ತೋಳು ನಡುಗಿದರೂ ಇಳಿಯಲಿಲ್ಲ, ಕಾದೆ... ಕೊನೆಗೆ "ಸಾಕವ್ವಾ" ಅಂತ ನಾನೇ ಅಂದುಕೊಂಡು ಇಳಿದೆ.