ಸಣ್ಣದು ಮಾಡಿದ ಲಗ್ನಗಳು

ಇವತ್ತು ಬೆಳಿಗ್ಗೆ ನನ್ನ ಕಂಪ್ಯೂಟರು ಕೇಳಿತು: ಹನ್ನೊಂದು ಕಿಟಕಿ ತೆರೆದಿವೆ, ಎಲ್ಲ ಮುಚ್ಚಲೇ? ನಾನು ಥಟ್ಟನೆ ಮೌಸಿನಿಂದ ಕೈ ತೆಗೆದೆ. ನಗಬೇಡಿ ಮತ್ತೆ, ಕಿಟಕಿ ಮುಚ್ಚಿ ಲಗ್ನ ಮುರಿದ ಅಪವಾದ ಹೊತ್ತವನು ನಾನು.

ದೇಶಪಾಂಡೆ ನಗರದ ನಮ್ಮ ಲಗ್ನಪತ್ರಿಕೆಯ ಅಂಗಡಿಯಲ್ಲಿ ಅಕ್ಷರ ಜೋಡಿಸುವವರು ಇಂದಕ್ಕ, ತಪ್ಪು ತಿದ್ದುವವನು ನಾನು. ಇಂದಕ್ಕ ಧಾರವಾಡದ ಹಳೇ ಮನೆತನದವರು. ಅವರ ಬಾಯಲ್ಲಿ ದೀಪ ಆರುವುದಿಲ್ಲ, ಶಾಂತವಾಗುತ್ತದೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೀಗಿರುವಾಗ ಲಗ್ನಪತ್ರಿಕೆಯ ಕಿಟಕಿ ಮುಚ್ಚುವ ಮಾತೆಲ್ಲಿ?

"ಲಗ್ನದ ಮನಿ ಬಾಗಲಾ ಮುಚ್ಚು ಅಂತೀರೇನ್ರಿ? ಸಣ್ಣದು ಮಾಡ್ತೇನಿ, ಅಷ್ಟ" ಎನ್ನುತ್ತಿದ್ದರು.

ಮದುಮಕ್ಕಳ ತಲೆ ಮೇಲೆ ಅಕ್ಕಿಕಾಳು ಬೀಳುವವರೆಗೆ ಆ ಜೋಡಿ ಪರದೆಯ ಕೆಳಗಿನ ಪಟ್ಟಿಯಲ್ಲೇ ಕೂತಿರಬೇಕು. ಶ್ರಾದ್ಧದ ಪತ್ರಗಳನ್ನು ಮಾತ್ರ ಟಪ್ಪನೆ ಮುಚ್ಚುತ್ತಿದ್ದರು. ಮುಹೂರ್ತದ ದಿನಗಳಲ್ಲಂತೂ ನಲವತ್ತು ಜೋಡಿಗಳ ನೂಕುನುಗ್ಗಲು. 'ಅ' ಒತ್ತಿ ಚಹಾ ಕುಡಿದು ಬಂದರೆ 'ಅ' ಮೂಡಿರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಎಲ್ಲವನ್ನೂ ಮುಚ್ಚಿಬಿಟ್ಟೆ. ಒಂದು ಮಾತ್ರ 'ಉಳಿಸಬೇಕೇ?' ಎಂದಿತು. 'ಬೇಡ' ಒತ್ತಿದೆ. ಅದು ಇಂದಕ್ಕನ ಮಗಳು ಸುಮಾಳದು. ಉಣಕಲ್‌ನ ಹುಡುಗನೊಂದಿಗೆ ಮಾತು ನಡೆದಿತ್ತು. ಉಳಿಸಬೇಕೆಂದರೆ ಕಡತಕ್ಕೊಂದು ಹೆಸರಿಡಬೇಕು, ಮಾತು ಪಕ್ಕಾ ಆಗದೆ ಹೆಸರಿಡಬಾರದು ಎಂದು ಅವರು ಉಳಿಸಿಯೇ ಇರಲಿಲ್ಲ.

ಸಂಜೆ ಉಣಕಲ್‌ನವರ ಫೋನು ಬಂತು, ಈ ಸಂಬಂಧ ಬೇಡವೆಂದು.

"ನೀವು ಮುಚ್ಚಿದ್ರಿ, ಅವರೂ ಮುಚ್ಚಿದ್ರು" ಎಂದರು ಇಂದಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅತ್ತರು.

ಮರುದಿನ ಉಣಕಲ್ಲಿಗೆ ಹೋಗಿ ಹುಡುಗನ ತಂದೆಗೆ ಕೈ ಮುಗಿದು ತಪ್ಪೊಪ್ಪಿಕೊಂಡೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಿಟಕಿ ಮುಚ್ಚಿದ್ರ ತಗೀರಿ. ಅದಕ್ಕ ಇಲ್ಲೀತನಕ ಯಾಕ ಬಂದ್ರಿ?" ಆಮೇಲೆ ದನಿ ತಗ್ಗಿಸಿದರು. "ಹುಡುಗಿ ತಾನ ಫೋನ್ ಮಾಡಿ ಒಲ್ಲೆ ಅಂದಾಳ್ರಿ. ಅವ್ವಗ ಹೇಳಬ್ಯಾಡ್ರಿ ಅಂತ ಅಳ್ಕೋತ ಕೇಳ್ಯಾಳ."

ಇದನ್ನು ಹೇಳಿಬಿಟ್ಟಿದ್ದರೆ ನಾನು ಪಾರಾಗುತ್ತಿದ್ದೆ. ಆ ಹುಡುಗಿಯ ಗತಿ? ಬಾಯಿ ಬಿಡಲಿಲ್ಲ. ಅಂದಿನಿಂದ ಗಿರಾಕಿಗಳಿಗೆಲ್ಲ ಇಂದಕ್ಕ ನನ್ನನ್ನು ತೋರಿಸಿ, "ಇವರ ಕೈಗುಣ ಛಲೋ ಇಲ್ಲರಿ" ಎನ್ನುತ್ತಾರೆ. ಕೆಲವರು ಪತ್ರಿಕೆ ಮಡಚಿಕೊಂಡು ಎದ್ದೂ ಹೋಗಿದ್ದಾರೆ. ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಇವತ್ತು ಮಧ್ಯಾಹ್ನ ಸುಮಾ ಅಂಗಡಿಗೆ ಬಂದಳು. ತಾನೇ ಮೆಚ್ಚಿದ ಹುಡುಗನೊಂದಿಗೆ ಅವಳ ಲಗ್ನ ನಿಶ್ಚಯವಾಗಿದೆ, ಅವ್ವನೂ ಒಪ್ಪಿದ್ದಾಳೆ. ಇಂದಕ್ಕ ಪತ್ರಿಕೆಯನ್ನು ಪರದೆಯ ತುಂಬ ಹಿಗ್ಗಿಸಿ, ಮೌಸಿನ ಮೇಲೆ ಅಂಗೈ ಒತ್ತಿಕೊಂಡು ನಿಂತರು.

"ಓದ್ರಿ. ಮುಟ್ಟಬ್ಯಾಡ್ರಿ."

ಸುಮಾ ತಲೆ ತಗ್ಗಿಸಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕುಲದೇವರ ಹೆಸರಿನಿಂದ ಕೊನೆಯ ಸಾಲಿನವರೆಗೆ ಎರಡು ಸಲ ಓದಿದೆ. ಒಂದೂ ತಪ್ಪಿರಲಿಲ್ಲ.