ಆನೆಗೆ ಮಾತು ಹೇಳಿದವನ ಉಯಿಲು

ಸಾನಮಾವಿನ ಬಚ್ಚಪ್ಪ ಕಾಡಂಚಿನಲ್ಲಿ ತಾನೇ ಹಸನು ಮಾಡಿದ ರಾಗಿ ಹೊಲವನ್ನು ಮೊದಲು ಉಯಿಲಿನಲ್ಲಿ ತಮ್ಮನ ಹೆಸರಿಗೆ ಬರೆದಿದ್ದ. ಸಾಯುವ ಮುಂಚೆ ಅದನ್ನು ರದ್ದು ಮಾಡಿ, ಹೆಂಡತಿ ಪಿಳ್ಳಮ್ಮನಿಗೆ ಹೊಸ ಉಯಿಲು ಬರೆದ. ಯುದ್ಧದ ಕಾಲ, ಹಿಡಿ ರಾಗಿಗೂ ಜನ ಬಾಯಿಬಿಡುತ್ತಿದ್ದರು. ತಮ್ಮ ಮುತ್ತರಾಯಪ್ಪ ಕೋರ್ಟು ಹತ್ತಿದ: ಅಣ್ಣನಿಗೆ ತಲೆ ಕೆಟ್ಟಿತ್ತು, ಆನೆಗಳ ಜೊತೆ ಮಾತಾಡುತ್ತಿದ್ದ, ಹುಚ್ಚನ ಉಯಿಲು ನಡೆಯಲ್ಲ.

"ಮಾತಾಡ್ತಿದ್ದನೇನಮ್ಮಾ?" ಮುತ್ತರಾಯಪ್ಪನ ವಕೀಲ ಕಿಸಕ್ಕನೆ ನಕ್ಕು ಪಿಳ್ಳಮ್ಮನನ್ನು ಕೇಳಿದ.

"ಊಂ ಸ್ವಾಮಿ. ಕಾವಲಿನ ಅಟ್ಟಣೆ ಮ್ಯಾಲೆ ನಿಂತ್ಕೊಂಡು 'ದೊರೇ, ತಿಂದಿದ್ದು ಸಾಕು, ಕಾಡಿಗೆ ಹೋಗಪ್ಪಾ' ಅಂತಿದ್ದ. ನಮ್ಮೂರಾಗೆ ಯಾರು ಅನ್ನಲ್ಲ? ಆನೇನ ಬೈಯೋನೇ ಹುಚ್ಚ!"

ಕೋರ್ಟು ನಕ್ಕಿತು. ಆನೆಯ ಮುಂದೆ ಒಂದು ದಿನವೂ ನಿಂತಿರದ ನ್ಯಾಯ, ಬಚ್ಚಪ್ಪ ಹುಚ್ಚನೆಂದು ತೀರ್ಪು ಕೊಟ್ಟಿತು. ಹೊಲ ತಮ್ಮನ ಪಾಲಾಯಿತು.

ತೆನೆ ಬಲಿತಾಗ ಒಂದು ಸಂಜೆ ಪಿಳ್ಳಮ್ಮ ಸೌದೆ ಹೊತ್ತು ಅದೇ ಹೊಲದ ಬದುವಿನಲ್ಲಿ ಬರುತ್ತಿದ್ದಳು. ಅಟ್ಟಣೆಯಿಂದ ಕೂಗು ಬಂತು: "ದೊರೇ, ತಿಂದಿದ್ದು ಸಾಕು, ಕಾಡಿಗೆ ಹೋಗಪ್ಪಾ!"

ಕೂಗಿದವನು ಮುತ್ತರಾಯಪ್ಪ. 'ನಿಂಗೂ ಹುಚ್ಚು ಹಿಡೀತೇನ್ಲಾ?' ಅನ್ನಲು ಬಾಯಿ ತೆರೆದಳು. ಆದರೆ ಅಣ್ಣತಮ್ಮಂದಿರ ದನಿ ಒಂದೇ, ಬಚ್ಚಪ್ಪನೇ ಕೂಗಿದಂತಿತ್ತು. ಅವಳು ಸೌದೆ ಇಳಿಸಿ ಬದುವಿನ ಮೇಲೆ ಕೂತಳು, ಅವನು ಇನ್ನೊಂದು ಸಲ ಕೂಗಲಿ ಎಂದು.