ಟವೆಲ್ಲಿನೊಳಗೆ ಮೂರು ಹೆಜ್ಜೆ

ರೇಷ್ಮೆಗೂಡಿನ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದು: ಎದುರಿನವನ ಮುಖ ನೋಡಬೇಡಿ, ಕೈ ನೋಡಿ. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ, ಬೆರಳಿಗೆ ಅಷ್ಟು ಬರುವುದಿಲ್ಲ. ಶಿಡ್ಲಘಟ್ಟದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದ ನಾನು, ಮೂವತ್ತು ತುಂಬುವ ಮೊದಲೇ ದಲ್ಲಾಳಿ ಅನ್ನಿಸಿಕೊಂಡೆ. ಆಗಿನ್ನೂ ಸರ್ಕಾರಿ ಹರಾಜು ಬಂದಿರಲಿಲ್ಲ. ರೇಷ್ಮೆಗೂಡಿನ ದರ ತೀರ್ಮಾನವಾಗುತ್ತಿದ್ದುದು ಟವೆಲ್ಲಿನ ಕೆಳಗೆ. ಕೊಳ್ಳುವವನು ಮತ್ತು ದಲ್ಲಾಳಿ ಕೈ ಹಿಡಿದುಕೊಂಡು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಟವೆಲ್ ಮಾತ್ರ. ಟವೆಲ್ ತೆಗೆದ ಮೇಲೆ ಒಳಗೆ ಏನಾಯಿತೆಂದು ಯಾರೂ ಕೇಳಬಾರದು, ಕೇಳಿದರೂ ಹೇಳಬಾರದು. ಅದು ಕಸುಬಿನ ಕಟ್ಟಳೆ. ಆ ಕಟ್ಟಳೆಯನ್ನು ಪಾಲಿಸಿಯೇ ನಾನು ಮನೆ ಕಟ್ಟಿದೆ. ಅದನ್ನೇ ಪಾಲಿಸಿ ಒಬ್ಬ ಮೇಷ್ಟರನ್ನು ಊರು ಬಿಡಿಸಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಡ್ರಿಲ್ ಮೇಷ್ಟರು ನಮ್ಮೂರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿದರು. ಎರಡು ನೀಲಗಿರಿ ಕಂಬ, ಎರಡು ಹಲಗೆ, ಕುಲುಮೆಯಲ್ಲಿ ಬಡಿಸಿದ ಎರಡು ಕಬ್ಬಿಣದ ಬಳೆ. ಬಳೆಗೆ ಬಲೆ ಇರಲಿಲ್ಲ. ಹಾಗಾಗಿ ಚೆಂಡು ಒಳಗಿನಿಂದ ಬಿತ್ತೋ ಪಕ್ಕದಿಂದ ಬಿತ್ತೋ ಎಂಬ ಜಗಳ ಪ್ರತಿ ಪಂದ್ಯದಲ್ಲೂ ಇರುತ್ತಿತ್ತು. ಆಟ ನಲವತ್ತು ನಿಮಿಷ, ಜಗಳ ನಾಲ್ಕು ದಿನ. ನಿಜ ಹೇಳಬೇಕೆಂದರೆ ನಮಗೆ ಆಟಕ್ಕಿಂತ ಜಗಳವೇ ರುಚಿ. ದಿನವಿಡೀ ಗೂಡಿನ ದರಕ್ಕೆ ಕಚ್ಚಾಡುವ ಊರು. ಸಂಜೆ ಕಚ್ಚಾಡಲು ಹೊಸ ಸರಕು ಸಿಕ್ಕಿತ್ತು.

ಆ ವರ್ಷದ ಪೈಪೋಟಿಯಲ್ಲಿ ಕೊನೆಗೆ ಉಳಿದವರು ನಾವು ಮತ್ತು ಚಿಕ್ಕಬಳ್ಳಾಪುರದವರು. ಒಂದು ಪಂದ್ಯ ಅವರದಾಯಿತು, ಒಂದು ನಮ್ಮದಾಯಿತು. ಮೂರನೆಯದು ಅವರ ಊರಿನಲ್ಲಿ. ಪುಟ್ಟ ರೈಲಿನ ಬಾಗಿಲಿಗೆಲ್ಲ ಜೋತು ಬಿದ್ದುಕೊಂಡು ಹೋದೆವು. ಹೋಗಿ ನೋಡಿದರೆ ರೆಫರಿಯೇ ಇಲ್ಲ. ಗೌರಿಬಿದನೂರಿನಿಂದ ಬರಬೇಕಿದ್ದವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಆಗ ಚಿಕ್ಕಬಳ್ಳಾಪುರದ ಕ್ಯಾಪ್ಟನ್ನೇ ನಮ್ಮ ಮೇಷ್ಟರತ್ತ ಕೈ ತೋರಿಸಿದ.

"ಇವರೇ ಊದ್ಲಿ ಬಿಡ್ರಿ. ಇವರು ಸುಳ್ಳು ಊದೋರಲ್ಲ."

ನಮ್ಮ ಗುಂಪಿನಲ್ಲಿ ಶಿಳ್ಳೆಯೋ ಶಿಳ್ಳೆ. ನಮ್ಮ ಮನುಷ್ಯನ ಬಾಯಲ್ಲೇ ಪೀಪಿ ಎಂದ ಮೇಲೆ ಗೆದ್ದಂತೆಯೇ ಎಂದು ನಾನೂ ಎಣಿಸಿದೆ.

ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟ್ ಹಿಂದೆ ಇದ್ದೆವು. ನಮ್ಮ ತಂಡದ ಎತ್ತರದ ಆಟಗಾರ, ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ನಡೆಸುತ್ತಿದ್ದ ಯಜಮಾನರೊಬ್ಬರ ಮಗ, ಚೆಂಡು ಹಿಡಿದು ಬಳೆಯತ್ತ ನುಗ್ಗಿದ. ಚೆಂಡನ್ನು ನೆಲಕ್ಕೆ ಬಡಿಯದೆ ಎರಡು ಹೆಜ್ಜೆ ಇಡಬಹುದು, ಮೂರನೆಯದು ತಪ್ಪು. ನಾನು ಗೆರೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಎಣಿಸುವುದು ನನ್ನ ಕಸುಬು. ಒಂದು, ಎರಡು, ಮೂರು. ಆಮೇಲೆ ಚೆಂಡು ಹಾರಿತು, ಬಳೆಯೊಳಗೆ ಬಿತ್ತು. ಅದು ಬೀಳುವ ಮೊದಲೇ ಮೇಷ್ಟರು ಪೀಪಿ ಊದಿ ಕೈ ಎತ್ತಿದ್ದರು. ಗೋಲು ಇಲ್ಲ. ಪಂದ್ಯ ಹೋಯಿತು.

ವಾಪಸು ಬರುವಾಗ ರೈಲಿನಲ್ಲಿ ಮೇಷ್ಟರ ಪಕ್ಕ ಯಾರೂ ಕೂರಲಿಲ್ಲ. "ಎರಡೇ ಹೆಜ್ಜೆ" ಎಂದು ಮೊದಲು ಕೂಗಿದವನು ಯಾರೆಂದು ಕೇಳುತ್ತೀರಾ? ನಾನು. ಮೂರನ್ನು ಕಣ್ಣಾರೆ ಕಂಡವನು ನಾನೇ, ಎರಡು ಎಂದವನೂ ನಾನೇ. ಸೋತ ಗುಂಪಿನಲ್ಲಿ ನಿಜ ಹೇಳಿದವನಿಗೆ ಕೂರಲು ಜಾಗ ಸಿಗುವುದಿಲ್ಲ. ಅದನ್ನು ಆಗಲೇ ಕಣ್ಣೆದುರು ನೋಡುತ್ತಿದ್ದೆನಲ್ಲ.

ಮಾರನೆಯ ದಿನದಿಂದ ಮಾರುಕಟ್ಟೆಯ ಎದುರಿನ ಟೀ ಅಂಗಡಿ ನ್ಯಾಯಾಲಯವಾಯಿತು. ಒಬ್ಬ ಸಿಹಿಗುಂಬಳಕಾಯಿ ಹಿಡಿದು ಬೆಂಚುಗಳ ನಡುವೆ ಓಡಿ ತೋರಿಸುತ್ತಿದ್ದ. ಇನ್ನೊಬ್ಬ ಸೀಮೆಸುಣ್ಣದಲ್ಲಿ ಪಾದದ ಗುರುತು ಬರೆಯುತ್ತಿದ್ದ.

"ಕಡೇದು ಹೆಜ್ಜೆನೇ ಅಲ್ಲ ಕಣಯ್ಯ, ಜಾರಿದ್ದು!"

"ಜಾರಿದ್ದು ನಿನ್ ಬುದ್ಧಿ. ಕಾಲು ಎತ್ತಿದ್ನೋ ಇಲ್ವೋ ಅದು ಹೇಳು."

"ಎತ್ತಿರಬೋದು. ನಮ್ಮೂರ್ ಮೇಷ್ಟ್ರಾಗಿ ಕಣ್ ಮುಚ್ಚೋಕೆ ಏನಾಗಿತ್ತು ರೋಗ?"

ನಮ್ಮ ನ್ಯಾಯವೆಲ್ಲ ಆ ಕೊನೆಯ ಮಾತಿನಲ್ಲಿತ್ತು.

ಎದುರು ವಾದಿಸುತ್ತಿದ್ದವರು ಒಬ್ಬರೇ, ಆ ಎತ್ತರದ ಆಟಗಾರನ ತಂದೆ, ಬಿಚ್ಚಾಣಿಕೆಯ ಯಜಮಾನರು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ರೈತರೊಡನೆ ತೆಲುಗು. ಮೂರರಲ್ಲೂ ನೇರ ಮಾತು.

"ಅರೆ ಭಾಯಿ, ಮಗ ನಂದು, ನಾನೇ ಹೇಳ್ತಾ ಇದೀನಿ. ಮೂರು ಹಾಕ್ದ. ಅವನೂ ಒಪ್ಕೊಂಡ. ಮೇಷ್ಟ್ರು ಸಚ್ಚಾ ಆದ್ಮಿ."

"ಸಚ್ಚಾ ಅಂತೆ! ಎಲ್ಲಾರ್ಗೂ ಒಂದು ದರ ಇರುತ್ತೆ ಯಜಮಾನ್ರೇ," ಎಂದೆ ನಾನು. "ಅವರ ದರ ಚಿಕ್ಕಬಳ್ಳಾಪುರದೋರಿಗೆ ಗೊತ್ತಿತ್ತು, ಅಷ್ಟೇ."

"ಅವರಿಗೆ ದರ ಇಲ್ಲ. ಇದೆ ಅಂತ ನೀನು ತೋರ್ಸು, ನಾನು ನಿನ್ ಟೀ ಲೋಟ ತೊಳೀತೀನಿ."

ಎಲ್ಲರೂ ನಕ್ಕರು. ನಕ್ಕಿದ್ದು ನನ್ನನ್ನು ನೋಡಿ. ವ್ಯಾಪಾರಿಗೆ ನಷ್ಟವಾದರೆ ಮರೆಯುತ್ತಾನೆ, ನಾಲ್ಕು ಜನರೆದುರು ಮಾತಿನಲ್ಲಿ ಸೋತರೆ ಮರೆಯುವುದಿಲ್ಲ. ನೀವು ಯಾರೊಡನೆ ಚೌಕಾಸಿ ಮಾಡಿದರೂ ಅವನಿಗೆ ಮುಖ ಉಳಿಸಿಕೊಳ್ಳಲು ಒಂದು ಸಂದು ಬಿಡಿ. ಯಜಮಾನರು ನನಗೆ ಬಿಡಲಿಲ್ಲ.

ಅಷ್ಟರಲ್ಲಿ ಊರು ಮೇಷ್ಟರಿಗೆ ಒಂದು ಶಿಕ್ಷೆ ಕಂಡುಹಿಡಿದಿತ್ತು. ಅವರು ಬೀದಿಗೆ ಇಳಿದರೆ ಸಾಕು, ಅಂಗಡಿಗಳಲ್ಲಿ ಕೂತವರು ಒಕ್ಕೊರಲಿನಿಂದ ಎಣಿಸುತ್ತಿದ್ದರು. "ಒಂದೂ... ಎರಡೂ... ಮೂರೂ!" ಮೂರಕ್ಕೆ ಯಾರೋ ಪೀಪಿ ಊದುತ್ತಿದ್ದರು. ಅದೂ ಮೀಸೆ ನರೆತವರು, ಮೊಮ್ಮಕ್ಕಳಿದ್ದವರು. ಮೇಷ್ಟರು ಮೊದಮೊದಲು ನಕ್ಕರು. ಒಂದು ವಾರಕ್ಕೆ ಅವರ ನಡಿಗೆಯೇ ಕೆಟ್ಟಿತು. ಎರಡು ಹೆಜ್ಜೆ ಇಟ್ಟು, ತುಸು ತಡೆದು, ಮತ್ತೆ ಎರಡು ಇಡುವರು. ಎಣಿಕೆ ತಪ್ಪಿಸಲು ಹಾಗೆ ಮಾಡಿದರೋ, ತಮಗೇ ಗೊತ್ತಿಲ್ಲದೆ ಬಂತೋ ಕಾಣೆ. ನಾವು ಅದಕ್ಕೂ ನಕ್ಕೆವು.

ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬರುವ ಸೋಮವಾರ ಶಾಲೆಯ ಕಮಿಟಿ ಕೂತು ತೀರ್ಮಾನಿಸಬೇಕಿತ್ತು. ಹೆಂಡತಿಯನ್ನು ಚಿಂತಾಮಣಿಯ ತವರಿನಲ್ಲಿ ಬಿಟ್ಟು ಇಲ್ಲಿ ಒಂದು ಕೋಣೆಯಲ್ಲಿದ್ದರು. "ಕಾಯಂ ಆಗ್ಲಿ, ಕರ್ಕೊಂಡ್ ಬರ್ತೀನಿ" ಎಂದು ಎಲ್ಲರಿಗೂ ಹೇಳಿಕೊಂಡಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಮಾರುಕಟ್ಟೆ ತುಂಬಿದ್ದಾಗ ಮೇಷ್ಟರು ನನ್ನನ್ನೇ ಹುಡುಕಿಕೊಂಡು ಬಂದರು.

"ನಿಮ್ಮ ಹತ್ರ ಗಟ್ಟಿ ಹುರಿ ಇರುತ್ತಂತಲ್ಲ. ಸ್ವಲ್ಪ ಕೊಟ್ರೆ ಬಳೆಗೆ ನಾನೇ ಬಲೆ ಹೆಣೀತೀನಿ. ಒಳಗೋ ಹೊರಗೋ ಅನ್ನೋ ಜಗಳ ಆದ್ರೂ ತಪ್ಪುತ್ತೆ."

"ಅದಕ್ಕೇನು ಮೇಷ್ಟ್ರೇ, ತಗೊಂಡ್ ಹೋಗಿ," ಎಂದೆ.

ಹತ್ತು ದಿನಗಳಲ್ಲಿ ಅವರು ಕೇಳಿದ ಮೊದಲ ಒಳ್ಳೆಯ ಮಾತು ಅದಿರಬೇಕು. ಕಣ್ಣು ಒದ್ದೆ ಮಾಡಿಕೊಂಡು ನನ್ನ ಕೈ ಹಿಡಿದರು. ಆಚೆ ತಕ್ಕಡಿಯ ಬಳಿ ಯಜಮಾನರು ನಿಂತಿದ್ದರು. ಟೀ ಅಂಗಡಿಯ ಗುಂಪು ಪೂರ್ತಿ ಅಲ್ಲೇ ಇತ್ತು. ನಾನು ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದೆ.

ಮೇಷ್ಟರು ಹೊರಗಿನವರು, ಅವರಿಗೆ ಇದೇನೂ ತಿಳಿಯದು. ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡರೇನೋ. ನಾನು ಮೂರು ಬೆರಳು ಒತ್ತಿದೆ. ಬಿಟ್ಟು, ಎರಡು ಒತ್ತಿದೆ. ಅವರು ನನ್ನ ಇಡೀ ಕೈಯನ್ನು ಪ್ರೀತಿಯಿಂದ ಅದುಮಿದರು. ಸುತ್ತ ನಿಂತವರ ಕಣ್ಣೆಲ್ಲ ಟವೆಲ್ಲಿನ ಮೇಲಿತ್ತು. ಟವೆಲ್ ತೆಗೆದು ಹೆಗಲಿಗೆ ಹಾಕಿ, ವ್ಯಾಪಾರ ಕುದುರಿದಾಗ ಕೊಡವುವಂತೆ ಅದರ ಅಂಚನ್ನು ಒಮ್ಮೆ ಕೊಡವಿದೆ. ಮೇಷ್ಟರು ಹುರಿ ತೆಗೆದುಕೊಂಡು ಹೋದರು.

ಗೂಡು ತಂದಿದ್ದ ರೈತನೊಬ್ಬ ಜೋರಾಗಿ ಕೇಳಿದ: "ಎಂತಕಿ ಅಮ್ಮುಡುಪೋಯಾಡಪ್ಪಾ?" ಎಷ್ಟಕ್ಕೆ ಮಾರಿಹೋದ ಎಂದು. ಮಾರುಕಟ್ಟೆ ಹೋ ಎಂದು ನಕ್ಕಿತು. ಯಜಮಾನರು ಮಾತ್ರ ನಗಲಿಲ್ಲ. ಟೀ ಅಂಗಡಿಗೆ ಹೋಗಿ, ನನ್ನ ಎಂಜಲು ಲೋಟ ತೊಳೆದು, ಬೆಂಚಿನ ಮೇಲೆ ಬೋರಲು ಹಾಕಿ ಹೊರಟುಹೋದರು. ಆಮೇಲೆ ಅವರು ನನ್ನ ಮೂಲಕ ಒಂದು ಗೂಡನ್ನೂ ಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಕಮಿಟಿಯ ಸದಸ್ಯರೊಬ್ಬರು, ನೂಲಿನ ದೊಡ್ಡ ವ್ಯಾಪಾರಿ, ಮನೆಗೇ ಬಂದರು.

"ನಾಳೆ ಮೀಟಿಂಗು. ನಿಜ ಹೇಳಪ್ಪ. ಮೇಷ್ಟ್ರು ಟವೆಲ್ ಒಳಗೆ ಕೈ ಇಟ್ಟಿದ್ದು ಹೌದಾ?"

"ಇಟ್ಟಿದ್ದು ಹೌದು."

"ಏನು ಮಾತಾಯ್ತು?"

ಆಗ ನಾನು ಹೇಳಬಹುದಿತ್ತು: ತಮಾಷೆ ಸ್ವಾಮಿ, ಆ ಮನುಷ್ಯನಿಗೆ ಬೆರಳಿನ ಲೆಕ್ಕವೇ ಬರದು, ಹುರಿ ಕೇಳಲು ಬಂದಿದ್ದರು. ಅಷ್ಟು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಹೇಳಿದರೆ ಲೋಟ ತೊಳೆಯುವ ಸರದಿ ನನ್ನದಾಗುತ್ತಿತ್ತು. ಕಟ್ಟಳೆಯ ಹಿಂದೆ ಅಡಗಿಕೊಂಡೆ.

"ಟವೆಲ್ ಒಳಗಿನ ಮಾತು ಹೊರಗೆ ಹೇಳೋದುಂಟಾ? ನಿಮಗೇ ಗೊತ್ತಲ್ಲ."

ಅವರು ತಲೆಯಾಡಿಸಿದರು. ಬೆನ್ನು ತಟ್ಟಿ ಹೋದರು. ಸೋಮವಾರ ಮೇಷ್ಟರಿಗೆ ಕೆಲಸವಿಲ್ಲವೆಂದಾಯಿತು.

ಹೊರಡುವ ದಿನ ಅವರು ನನ್ನ ಬಳಿ ಬಂದರು. ಬೈಯುತ್ತಾರೆಂದು ಕಾದೆ.

"ಅವತ್ತು ನೀವು ಬೆರಳು ಒತ್ತಿದ್ರಲ್ಲ, ಅದಕ್ಕೆ ಏನರ್ಥ?"

ಮೂರು ಎಂದರೆ ಮೂರು ಹೆಜ್ಜೆಯಾ, ಎರಡಕ್ಕೆ ಬರುತ್ತೀರಾ ಎಂದು ಕೇಳಿದ್ದು ಎಂದೆ.

"ಹಂಗಾದ್ರೆ ಈಗ ಹೇಳ್ತೀನಿ ತಗೊಳ್ಳಿ." ಟವೆಲ್ ಇಲ್ಲದೆ, ಹಗಲಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ ನನ್ನ ಮೂರು ಬೆರಳು ಹಿಡಿದು ಒತ್ತಿದರು. "ನೀವು ಗೆರೆ ಪಕ್ಕದಲ್ಲೇ ಕೂತಿದ್ರಿ. ನಾನು ನೋಡಿದ್ದೆ."

ಅವರು ಹೆಣೆದ ಎರಡು ಬಲೆಗಳು ಬಳೆಗಳಿಗೆ ಕಟ್ಟಿದ್ದವು. ಆದರೆ ಪೀಪಿ ಊದಲು ಆಮೇಲೆ ಯಾರೂ ಒಪ್ಪಲಿಲ್ಲ. ನಮ್ಮೂರಲ್ಲಿ ರೆಫರಿಯಾಗಲು ಯಾರಿಗೆ ಹುಚ್ಚು? ಆಟ ಒಂದೇ ವರ್ಷದಲ್ಲಿ ಸತ್ತಿತು. ಹುರಿಯನ್ನು ಕಾಗೆಗಳು ಗೂಡಿಗೆ ಎಳೆದೊಯ್ದವು. ನನ್ನ ವ್ಯಾಪಾರ ಮಾತ್ರ ಇಮ್ಮಡಿಯಾಯಿತು. ಟವೆಲ್ ಒಳಗಿನ ಮಾತು ಪ್ರಾಣ ಹೋದರೂ ಬಿಡುವವನಲ್ಲ ಎಂಬ ಹೆಸರು ಬಂದಿತ್ತಲ್ಲ. ಕೆಟ್ಟ ಕೆಲಸಕ್ಕೆ ಕೂಡಲೇ ಶಿಕ್ಷೆಯಾಗುತ್ತದೆಂದು ನಂಬಿ ಕೂತವರಿಗೆ ಇದೂ ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಮೇಲೆ ಹಿಂದೂಪುರದ ವ್ಯಾಪಾರಿಯೊಬ್ಬರನ್ನು ರೈಲು ಹತ್ತಿಸಲು ಗೌರಿಬಿದನೂರು ಸ್ಟೇಷನ್ನಿಗೆ ಹೋಗಿದ್ದೆ. ಕಡಲೆಕಾಯಿ ಮೂಟೆಗಳಿಗೆ ಕಪ್ಪು ಮಸಿಯಲ್ಲಿ ಗುರುತು ಹಾಕುತ್ತಿದ್ದ ಗುಮಾಸ್ತರು ತಲೆ ಎತ್ತಿದರು. ಅದೇ ಮೇಷ್ಟರು. ನಾನು ಕೈ ಚಾಚಿದೆ. ಅಂದು ನನ್ನ ಹೆಗಲ ಮೇಲೆ ಟವೆಲ್ ಇರಲಿಲ್ಲ. ಆದರೂ ಅವರು ಮೊದಲು ನೋಡಿದ್ದು ಹೆಗಲನ್ನೇ. ಕುಂಚ ಕೆಳಗಿಟ್ಟು, ಎರಡೂ ಕೈಗಳನ್ನು ತಮ್ಮ ಎದೆಗೇ ಒತ್ತಿ ಮುಗಿದು, ತಿರುಗಿ ನಡೆದರು.

"ಯಾರಪ್ಪ ಅದು? ಕೈನೂ ಕೊಡ್ಲಿಲ್ಲ?" ಎಂದರು ವ್ಯಾಪಾರಿ.

"ನಮ್ಮೂರ ಮೂರು ಹೆಜ್ಜೆ ಮೇಷ್ಟ್ರು," ಎಂದೆ. ಹಾಗೆಂದರೇನೆಂದು ಕೇಳಿದರು. ಪಂದ್ಯದ ಕತೆ ಹೇಳಿದೆ, ಟವೆಲ್ಲಿನದು ಬಿಟ್ಟು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಭ್ಯಾಸಬಲ, ನಾನೂ ನಕ್ಕೆ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮೇಷ್ಟರು ಮೂಟೆಗಳತ್ತ ಹೋಗುತ್ತಿದ್ದರು. ಎರಡು ಹೆಜ್ಜೆ ಇಟ್ಟು, ತುಸು ತಡೆದು, ಮತ್ತೆ ಎರಡು.